ಆಟಕ್ಕುಂಟು, ಲೆಕ್ಕಕ್ಕಿಲ್ಲ

ಒಂದು ಆನ್‌ಲೈನ್ ಆಟದಲ್ಲಿ ಎಂಟು ಜನ ಒಟ್ಟಿಗೆ ಒಳಗೆ ಬರುತ್ತಾರೆ. ಕಥೆಯ ಒಂದು ದೃಶ್ಯ ಶುರುವಾಗುತ್ತದೆ, ಕೆಲವು ನಿಮಿಷ ಓಡುತ್ತದೆ, ಮುಗಿಯುತ್ತದೆ. ಪರದೆ ತಿಳಿಯಾದಾಗ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಮ್ಯಾಪ್ ತೆಗೆದರೆ ಏಳು ಚುಕ್ಕೆಗಳು ಎಲ್ಲೋ ಮುಂದೆ ಓಡುತ್ತಿವೆ. ನಮ್ಮ ಹೊಸಬನೂ ಓಡುತ್ತಾನೆ. ದಾರಿಯಲ್ಲಿ ಹೊಡೆಯೋಣ ಅಂದರೆ ಒಬ್ಬ ಶತ್ರುವೂ ಉಳಿದಿಲ್ಲ. ಕೊನೆಗೆ ಬಾಸ್, ಅಂದರೆ ಆ ಜಾಗದ ದೊಡ್ಡ ಶತ್ರು, ಇರುವ ಅಂಗಳದ ಹತ್ತಿರ ಬಂದರೆ ಅಡ್ಡ ಗೆರೆ ಬಿದ್ದಿದೆ. ಕಾದಾಟ ಶುರುವಾಗಿ 15 ಸೆಕೆಂಡಿಗೆ ಬಾಗಿಲು ಮುಚ್ಚುವ ನಿಯಮ ಅದು. ಜಾತ್ರೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲದೆ ಟೆಂಟಿನ ಸಂದಿಯಿಂದ ನಾಟಕ ನೋಡುವ ಹುಡುಗನ ಹಾಗೆ ಹೊರಗೆ ನಿಂತು, ಒಳಗೆ ಬಾಸ್ ಸಾಯುವುದನ್ನು ನೋಡುತ್ತಾನೆ. ಅಷ್ಟರಲ್ಲಿ ಮುಂದಿನ ದೃಶ್ಯ. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಏಳೂ ಜನ ಮತ್ತೆ ಮಾಯ.

ಚಿಕ್ಕವರಿದ್ದಾಗ ಬೀದಿ ಆಟಕ್ಕೆ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುವಾಗ ಒಂದು ಮಾತು ಹೇಳುತ್ತಿದ್ದೆವು, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಇದೂ ಅದೇ. ಆದರೆ ಆ ತಮ್ಮ ಅತ್ತು ಕರೆದು ಸೇರಿಕೊಂಡವನು. ಈ ಹೊಸಬ ಹತ್ತಾರು ಗಂಟೆ ಆಡಿ, ಒಂದೊಂದೇ ಲೆವೆಲ್ ಏರಿ, ಕಥೆಯ ಈ ಘಟ್ಟಕ್ಕಾಗಿಯೇ ಇಲ್ಲಿಗೆ ಬಂದವನು.

ಆಟದ ಹೆಸರು ಫೈನಲ್ ಫ್ಯಾಂಟಸಿ 14. ಜಾಗದ ಹೆಸರು ಪ್ರಿಟೋರಿಯಂ. ಆನ್‌ಲೈನ್ ಆಟಗಳಲ್ಲಿ ಗುಂಪು ಕಟ್ಟುವಾಗ ಯಾರು ಎಷ್ಟು ಮುಂದೆ ಬಂದಿದ್ದಾರೆ ಅಂತ ನೋಡಿ ಬೇರೆ ಮಾಡಬೇಕಾ, ಬೇಡವಾ ಅನ್ನುವ ವಾದ ಎಲ್ಲೇ ಬರಲಿ, ನನಗೆ ಮೊದಲು ನೆನಪಾಗುವುದು ಈ ಜಾಗ. ಇಲ್ಲಿ ಆದ ತೊಂದರೆ, ಅದಕ್ಕೆ ಮಾಡಿದ ಮೊದಲ ರಿಪೇರಿ, ಆ ರಿಪೇರಿಯಿಂದ ಹುಟ್ಟಿದ ಇನ್ನೊಂದು ತೊಂದರೆ, ಆಮೇಲೆ ಮಾಡಿದ ಎರಡನೇ ರಿಪೇರಿ, ಎಲ್ಲ ಸೇರಿದರೆ ಸುಮಾರು ಒಂಬತ್ತು ವರ್ಷದ ಕಥೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಈ ಆಟ ಮೊದಲು ಬಂದಿದ್ದು 2010ರಲ್ಲಿ, ಬಂದ ರಭಸದಲ್ಲೇ ಮಕಾಡೆ ಮಲಗಿತು. ಸ್ಕ್ವೇರ್ ಎನಿಕ್ಸ್ ಕಂಪನಿ ನಾವೊಕಿ ಯೋಶಿದಾ ಅವರ ಕೈಗೆ ಅದನ್ನು ಕೊಟ್ಟಿತು. ಅವರ ತಂಡ ಬುಡದಿಂದ ಕಟ್ಟಿ 2013ರ ಆಗಸ್ಟ್‌ನಲ್ಲಿ ‘ಎ ರೆಲ್ಮ್ ರೀಬಾರ್ನ್’ ಅಂತ ಮತ್ತೆ ಬಿಟ್ಟಿತು. ಆ ಕಥೆಯ ಕೊನೆ ಲೆವೆಲ್ 50ರಲ್ಲಿ, ಎರಡು ದೊಡ್ಡ ದಾಳಿಗಳಲ್ಲಿ: ಮೊದಲು ಕಾಸ್ಟ್ರಂ ಮೆರಿಡಿಯಾನಂ, ಆಮೇಲೆ ಪ್ರಿಟೋರಿಯಂ. ಎರಡಕ್ಕೂ ಎಂಟೆಂಟು ಜನ ಬೇಕಿತ್ತು. ಈ ಆಟದಲ್ಲಿ ಕಥೆಯೇ ಹೆದ್ದಾರಿ. ಇವೆರಡನ್ನು ದಾಟದೆ ಮುಂದಿನ ಯಾವ ಭಾಗಕ್ಕೂ ಹೋಗುವ ಹಾಗಿಲ್ಲ. 2015ರದ್ದು, 2017ರದ್ದು, 2019ರದ್ದು, 2021ರದ್ದು, ಯಾವುದಕ್ಕೂ. ದುಡ್ಡು ಕೊಟ್ಟು ಕಥೆ ಹಾರಿಸುವ ಒಂದು ದಾರಿ ಬಂತು, ಆದರೆ ಅದನ್ನು ಹಿಡಿದವನು ಆಟವನ್ನೇ ಹಾರಿಸಿದ ಹಾಗೆ, ಬಿಡಿ.

ಗುಂಪು ಕಟ್ಟುವ ಕೆಲಸ ಡ್ಯೂಟಿ ಫೈಂಡರ್‌ನದು. ನೀವು ಹೆಸರು ಕೊಟ್ಟು ಕಾಯುತ್ತೀರಿ, ಅದು ಎಲ್ಲೆಲ್ಲಿಂದಲೋ ಜನರನ್ನು ಹೆಕ್ಕಿ ತರುತ್ತದೆ. ಎಂಟರ ಗುಂಪು ಅಂದರೆ ಇಬ್ಬರು ಟ್ಯಾಂಕ್, ಇಬ್ಬರು ಹೀಲರ್, ನಾಲ್ವರು ಡಿಪಿಎಸ್. ಹೊಡೆತ ತಿನ್ನುವವರು, ಗಾಯ ವಾಸಿ ಮಾಡುವವರು, ಹೊಡೆಯುವವರು ಅಂತಿಟ್ಟುಕೊಳ್ಳಿ. ಹೊಡೆಯುವವರಿಗೆ ಯಾವ ಕಾಲಕ್ಕೂ ಬರ ಇಲ್ಲ. ಹೊಡೆತ ತಿನ್ನಲು ಬರುವವರಿಗೆ ಯಾವಾಗಲೂ ಬರ.

2013ರ ಮೊದಲ ವಾರಗಳಲ್ಲಿ ತೊಂದರೆಯೇ ಇರಲಿಲ್ಲ, ಯಾಕೆಂದರೆ ಎಲ್ಲರೂ ಹೊಸಬರು. ಎಂಟೂ ಜನ ದೃಶ್ಯ ನೋಡುತ್ತಿದ್ದರು, ಎಂಟೂ ಜನ ಒಟ್ಟಿಗೆ ಸಾಯುತ್ತಿದ್ದರು. ಆದರೆ ವರ್ಷ ಕಳೆದ ಹಾಗೆ ಹೊಸಬರು ಹನಿಹನಿಯಾಗಿ ಬರತೊಡಗಿದರು. ಅವರಿಗೆ ಜೊತೆ ಬೇಕಲ್ಲ? ಅದಕ್ಕೇ ರೂಲೆಟ್ ಅಂತ ಒಂದು ವ್ಯವಸ್ಥೆ ಇದೆ. ಹಳಬರು ದಿನಕ್ಕೊಂದು ಸಲ ‘ಮೇನ್ ಸಿನಾರಿಯೋ’ ರೂಲೆಟ್‌ಗೆ ಹೆಸರು ಕೊಟ್ಟರೆ ಆಗ ಇವೆರಡರಲ್ಲಿ ಯಾವುದಾದರೂ ಒಂದಕ್ಕೆ ಕಳಿಸುತ್ತಿತ್ತು, ಮುಗಿಸಿದರೆ ಒಳ್ಳೆ ಬಹುಮಾನ ಕೊಡುತ್ತಿತ್ತು. ಹಳಬನಿಗೆ ಇದು ದಿನಗೂಲಿ. ಕಥೆಯನ್ನು ಅವನು ಐವತ್ತು ಸಲ ನೋಡಿದ್ದ, ಒಂದು ಗುಂಡಿ ಒತ್ತಿ ಹಾರಿಸುತ್ತಿದ್ದ, ಓಡುತ್ತಿದ್ದ, ಕೂಲಿ ತಗೊಂಡು ಮಲಗುತ್ತಿದ್ದ.

ನಾನೂ ಆ ಏಳು ಚುಕ್ಕೆಗಳಲ್ಲಿ ಒಬ್ಬನಾಗಿದ್ದೆ, ಸುಮ್ನೆ ಸಾಚಾ ಥರ ಬರೆಯೋದು ಬೇಡ. ಆಫೀಸಿಂದ ಬಂದು, ಊಟ ಮಾಡಿ, ಮಲಗುವ ಮೊದಲು ಸಿಗುವ ಮುಕ್ಕಾಲು ಗಂಟೆಯಲ್ಲಿ ಇದೊಂದು ಮುಗಿಸಬೇಕು ಅಂತ ಕೂತವನಿಗೆ, ಎಂಟನೆಯವನು ಹಿಂದೆ ಉಳಿದಿದ್ದಾನೆ ಅನ್ನುವುದು ಕಣ್ಣಿಗೇ ಬೀಳುವುದಿಲ್ಲ. ಬಿದ್ದರೂ ಏಳರಲ್ಲಿ ಒಬ್ಬನೇ ನಿಂತು ಏನು ಮಾಡುವುದು? ಉಳಿದ ಆರು ಜನ ಓಡುತ್ತಿರುತ್ತಾರಲ್ಲ. ಇಲ್ಲಿ ಕೆಟ್ಟವರು ಅಂತ ಯಾರೂ ಇರಲಿಲ್ಲ. ಒಬ್ಬೊಬ್ಬರಿಗೂ ಅವರದೇ ಕಾರಣ ಇತ್ತು, ಒಟ್ಟು ಸೇರಿದರೆ ಫಲ ಮಾತ್ರ ಅನ್ಯಾಯ.

ಫಿಲ್ಟರ್ ಹಾಕಿದರೆ?

ಥಟ್ಟನೆ ಹೊಳೆಯುವ ಪರಿಹಾರ ಇದೇ. ಮೊದಲ ಸಲ ಬಂದವರನ್ನು ಮೊದಲ ಸಲದವರ ಜೊತೆಗೇ ಹಾಕಿ, ಮುಗಿಸಿದವರನ್ನು ಮುಗಿಸಿದವರ ಜೊತೆ ಹಾಕಿ. ಜಗಳವೇ ಇಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಲೆಕ್ಕ ಹಾಕಿ ನೋಡಿ. ಒಂದು ಉದಾಹರಣೆಗೆ, ಒಂದು ಸಂಜೆ ಒಂದು ಗಂಟೆಯಲ್ಲಿ ಪ್ರಿಟೋರಿಯಂ ಬಾಗಿಲಿಗೆ ಹತ್ತು ಹೊಸಬರು ಬಂದರು ಅಂತಿಟ್ಟುಕೊಳ್ಳೋಣ. ಒಬ್ಬ ಟ್ಯಾಂಕ್, ಇಬ್ಬರು ಹೀಲರ್, ಏಳು ಡಿಪಿಎಸ್. ಒಂದು ಗುಂಪೂ ಆಗುವುದಿಲ್ಲ! ಇನ್ನೊಬ್ಬ ಟ್ಯಾಂಕ್ ಬರುವ ತನಕ ಹತ್ತೂ ಜನ ಕಾಯಬೇಕು. ಅವನು ಬಂದ ಮೇಲೂ ಮೂವರು ಡಿಪಿಎಸ್ ಹೊರಗೇ. ಅದೇ ಹಳಬರ ದೊಡ್ಡ ಕೆರೆ ತೆರೆದಿದ್ದರೆ ಹತ್ತೂ ಜನ ಹತ್ತು ಬೇರೆ ಗುಂಪುಗಳಿಗೆ ಸೇರಿ, ಕಾಫಿ ಆರುವ ಮೊದಲು ಒಳಗಿರುತ್ತಿದ್ದರು. ಹಳಬರ ಕಡೆಯಿಂದಲೂ ನೋಡಿ. ಹೊಸಬರಿಗೆ ಜೊತೆ ಸಿಗಲಿ ಅಂತಲೇ ಅಲ್ವಾ ಅವರಿಗೆ ಬಹುಮಾನ ಕೊಟ್ಟು ಕರೆದಿದ್ದು? ಫಿಲ್ಟರ್ ಹಾಕಿದ ಕ್ಷಣ ಆ ರೂಲೆಟ್‌ಗೆ ಅರ್ಥವೇ ಉಳಿಯುವುದಿಲ್ಲ. ಹೊಸಬರೇ ಇಲ್ಲದ ಗುಂಪಿನಲ್ಲಿ ಹಳಬರು ಹಳಬರ ಜೊತೆ ಓಡಿ ಬಹುಮಾನ ಪಡೆಯುವುದು ಯಾರ ಉದ್ಧಾರಕ್ಕೆ?

ಇದರ ಬಿಸಿ ನಮ್ಮ ಕಡೆಯವರಿಗೆ ಇನ್ನೂ ಜಾಸ್ತಿ. ಭಾರತದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ. ಬೆಂಗಳೂರಿನಿಂದ ಆಡುವವರು ಜಪಾನ್, ಯುರೋಪ್, ಇಲ್ಲವೇ 2022ರ ಜನವರಿಯಲ್ಲಿ ಬಂದ ಓಷಿಯಾನಿಯಾ ಸರ್ವರ್, ಹೀಗೆ ಯಾವುದಾದರೂ ಒಂದನ್ನು ಹಿಡಿಯಬೇಕು. ಇಲ್ಲಿ ರಾತ್ರಿ 11 ಅಂದರೆ ಟೋಕಿಯೊದಲ್ಲಿ ನಸುಕಿನ 2:30. ಸರ್ವರ್‌ನಲ್ಲಿ ಎದ್ದಿರುವವರೇ ಕಡಿಮೆ. ಆ ಹೊತ್ತಿನಲ್ಲಿ ‘ಹೊಸಬರು ಮಾತ್ರ’ ಅಂತ ಇನ್ನೊಂದು ಜರಡಿ ಹಿಡಿದರೆ ಕೆಳಗೆ ಬೀಳುವವರು ಯಾರು? ಯುರೋಪಿನಲ್ಲಿ ಆಗ ಸಂಜೆ, ಜನ ಇರುತ್ತಾರೆ, ಆದರೆ ಅಷ್ಟು ದೂರದಿಂದ ಆಡುವಾಗ ನೀವು ನೆಲದಲ್ಲಿ ಏಟು ಬೀಳುವ ಜಾಗದ ಗುರುತಿನಿಂದ ಆಚೆ ಜಿಗಿದಿದ್ದರೂ ಸರ್ವರ್ ಪ್ರಕಾರ ಇನ್ನೂ ಅಲ್ಲೇ ನಿಂತಿರುತ್ತೀರಿ. ಅದು ಬೇರೆ ಗೋಳು.

ಜನ ಕಡಿಮೆ ಬೀಳುತ್ತಾರೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ನಾನು ಈ ಪ್ರಕರಣವನ್ನು ಎತ್ತಿಕೊಂಡಿದ್ದೇ ಅದಕ್ಕೆ. ಎಷ್ಟು ಮುಂದೆ ಬಂದಿದ್ದಾನೆ ಅಂತ ಅಳೆಯುತ್ತೇವಲ್ಲ, ಅದು ಯಾವ ಅಳತೆ? ಲೆವೆಲ್ಲಾ? ಈ ಆಟದಲ್ಲಿ ಲೆವೆಲ್ ಸಿಂಕ್ ಅಂತ ಇದೆ. ಲೆವೆಲ್ 90 ಆದವನು ಪ್ರಿಟೋರಿಯಂಗೆ ಬಂದರೆ 50ಕ್ಕೆ ಇಳಿಸುತ್ತದೆ, ಆಮೇಲೆ ಕಲಿತ ವಿದ್ಯೆಗಳನ್ನು ಬೀಗ ಹಾಕಿ ಇಡುತ್ತದೆ. ತೊಟ್ಟ ಕವಚ, ಹಿಡಿದ ಕತ್ತಿಯಾ? ಅದಕ್ಕೂ ಮಿತಿ ಇದೆ, ಎಷ್ಟೇ ಹೊಳೆಯುವ ಕತ್ತಿ ತಂದರೂ ಒಳಗೆ ಅದರ ಬಲ ಒಂದು ಮಟ್ಟಕ್ಕೆ ಕುಗ್ಗುತ್ತದೆ. ಅಂದರೆ ಫಿಲ್ಟರ್ ಮಾಡಬೇಕಾದ ಎರಡು ಅಳತೆಯನ್ನೂ ಆಟ ಆಗಲೇ ಹೆಚ್ಚು ಕಡಿಮೆ ಸಮ ಮಾಡಿಟ್ಟಿತ್ತು. ಸಮ ಮಾಡಲಾಗದೆ ಉಳಿದದ್ದು ಒಂದೇ: ಒಬ್ಬ ಈ ಕಥೆ ನೋಡಿದ್ದಾನೆ, ಇನ್ನೊಬ್ಬ ನೋಡಿಲ್ಲ. ಒಬ್ಬನಿಗೆ ಮುಗಿಸುವ ಆತುರ, ಇನ್ನೊಬ್ಬನಿಗೆ ನೋಡುವ ಆಸೆ. ಅವರ ನಡುವೆ ಬಿರುಕು ಬಿಟ್ಟಿದ್ದು ಅಲ್ಲಿ. ಅದನ್ನು ಲೆವೆಲ್ ಸಂಖ್ಯೆ ನೋಡಿ ತುಂಬಲು ಹೋದರೆ ತಲೆನೋವಿಗೆ ಮೊಣಕಾಲಿಗೆ ಮುಲಾಮು ಹಚ್ಚಿದ ಹಾಗೆ.

ಇನ್ನೊಂದು ಆಟದ ಮಾತು ಇಲ್ಲೇ ಹೇಳಿಬಿಡುತ್ತೇನೆ, ಚಿಕ್ಕದಾಗಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2009ರ ಡಿಸೆಂಬರ್‌ನಲ್ಲಿ, 3.3 ಪ್ಯಾಚ್‌ನಲ್ಲಿ (ಆಟಕ್ಕೆ ಆಗಾಗ ಬರುವ ಸುಧಾರಣೆ), ತಾನೇ ಗುಂಪು ಕಟ್ಟುವ ಡಂಜನ್ ಫೈಂಡರ್ ಬಂತು. ರೈಡ್ ಅನ್ನುವ ದೊಡ್ಡ ಗುಂಪಿನ ಕಾದಾಟಗಳಿಗೆ ಮಾತ್ರ ಜನ ಕೈಯಲ್ಲೇ ಆರಿಸುತ್ತಿದ್ದರು. ಆಗ ಗೇರ್‌ಸ್ಕೋರ್ ಅಂತ ಒಂದು ಆಡ್‌ಆನ್, ಅಂದರೆ ಆಟಕ್ಕೆ ಹೊರಗಿಂದ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ, ಹೆಸರುವಾಸಿ. ತೊಟ್ಟ ಸಾಮಾನಿಗೆಲ್ಲ ಸೇರಿಸಿ ಒಂದು ಅಂಕಿ ಕೊಡುತ್ತಿತ್ತು. ಆ ಅಂಕಿ ಇಲ್ಲದಿದ್ದರೆ, ಈ ರೈಡ್ ಮುಗಿಸಿದ ಅಚೀವ್‌ಮೆಂಟ್ ತೋರಿಸದಿದ್ದರೆ, ಒಳಗೆ ಸೇರಿಸುತ್ತಿರಲಿಲ್ಲ. ಮುಗಿಸಲು ಗುಂಪು ಬೇಕು, ಗುಂಪಿಗೆ ಸೇರಲು ಮುಗಿಸಿರಬೇಕು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ. ಕ್ಯಾಂಪಸ್‌ನಿಂದ ಹೊರಬಿದ್ದು ‘ಎರಡು ವರ್ಷ ಅನುಭವ ಕಡ್ಡಾಯ’ ಅನ್ನುವ ಜಾಹೀರಾತು ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ರಿಪೇರಿ: ಎಲೆ ಬಿಟ್ಟು ಏಳುವ ಹಾಗಿಲ್ಲ

‘ಸ್ಟಾರ್ಮ್‌ಬ್ಲಡ್’ ಬಂದಿದ್ದು 2017ರ ಜೂನ್‌ನಲ್ಲಿ. ಆ ಭಾಗದ ಕಾಲದಲ್ಲೇ ತಂಡ ಒಂದು ತೀರ್ಮಾನ ಮಾಡಿತು. ಫಿಲ್ಟರ್ ಹಾಕಲಿಲ್ಲ. ಈ ಎರಡು ಜಾಗಗಳಲ್ಲಿ ದೃಶ್ಯ ಹಾರಿಸುವ ಗುಂಡಿಯನ್ನೇ ಕಿತ್ತುಹಾಕಿತು. ನೀವು ಮೊದಲ ಸಲ ಬಂದಿರಲಿ, ನೂರನೇ ಸಲ ಬಂದಿರಲಿ, ಎಂಟೂ ಜನ ಕೂತು ನೋಡಬೇಕು. ಅದಕ್ಕೆ ತಕ್ಕ ಹಾಗೆ ಬಹುಮಾನವನ್ನೂ ಏರಿಸಿದರು.

ಮದುವೆ ಮನೆಯ ಪಂಕ್ತಿ ಊಟ ನೆನಪಿಸಿಕೊಳ್ಳಿ. ನಿಮ್ಮ ಎಲೆ ಖಾಲಿ ಆಗಿದೆ, ಕೈ ಒಣಗುತ್ತಿದೆ, ಹೊರಗೆ ಯಾರೋ ಕಾಯುತ್ತಿದ್ದಾರೆ. ಆದರೆ ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜ ಈಗಷ್ಟೇ ಮಜ್ಜಿಗೆ ಅನ್ನಕ್ಕೆ ಕೈ ಹಾಕಿದ್ದಾರೆ. ಏಳುವ ಹಾಗಿಲ್ಲ, ಕೂತಿರುತ್ತೀರಿ. ಮೊದಲು ಏಳು ಜನ ಪಾಯಸ ಮುಗಿಸಿ ಎದ್ದು ಹೋಗುತ್ತಿದ್ದರು, ಹೊಸಬನ ಎಲೆಗೆ ಇನ್ನೂ ಸಾರು ಬಿದ್ದಿರಲಿಲ್ಲ. ಈಗ ಎಲ್ಲರೂ ಕೂರಬೇಕು ಅನ್ನುವ ಕಟ್ಟು ಬಂತು.

ಅರ್ಧ ಗೆದ್ದಿತು. ಹೊಸಬ ಕಥೆ ನೋಡಿದ. ದೃಶ್ಯ ಮುಗಿದಾಗ ಏಳು ಜನ ಪಕ್ಕದಲ್ಲೇ ಇದ್ದರು. ಗಯಸ್ ಅನ್ನುವ ಖಳ ಮೇಲೇರುವ ಲಿಫ್ಟ್‌ನಲ್ಲಿ ನಿಂತು ಮಾಡುವ ಭಾಷಣ ಅವನ ಕಿವಿಗೂ ಬಿತ್ತು.

ಉಳಿದ ಅರ್ಧ? ಪ್ರಿಟೋರಿಯಂ ಒಂದು ಸಲ ಮುಗಿಯಲು ಹತ್ತಿರ ಹತ್ತಿರ ಒಂದು ಗಂಟೆ ಆಯಿತು. ಅದರಲ್ಲಿ ದೊಡ್ಡ ಪಾಲು ಸುಮ್ಮನೆ ಕೂತು ನೋಡುವುದು. ಹಳಬರು ದೈಹಿಕವಾಗಿ ಕೋಣೆಯಲ್ಲೇ ಇದ್ದರು, ಮನಸ್ಸು ಬೇರೆಲ್ಲೋ. ನಾನು ಒಂದು ದೃಶ್ಯದಲ್ಲಿ ರವೆ ಹುರಿದು, ಮುಂದಿನ ದೃಶ್ಯದಲ್ಲಿ ಒಗ್ಗರಣೆ ಹಾಕಿ, ಗಯಸ್‌ನ ಭಾಷಣದ ಹೊತ್ತಿಗೆ ನೀರು ಸುರಿದು ಮುಚ್ಚಿಟ್ಟು ಬಂದಿದ್ದೇನೆ. ಕಾದಾಟ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಬೆಂದಿತ್ತು. ಇದು ತಮಾಷೆಯ ಮಾತಲ್ಲ, ಆ ರೂಲೆಟ್‌ನ ಸಂಸ್ಕೃತಿಯೇ ಹಾಗಾಗಿತ್ತು. ಜನ ಪಾತ್ರೆ ತೊಳೆದರು, ಬಟ್ಟೆ ಮಡಚಿದರು, ಪಕ್ಕದ ಪರದೆಯಲ್ಲಿ ಕ್ರಿಕೆಟ್ ಹಾಕಿಕೊಂಡರು. ಬಹುಮಾನ ಜಾಸ್ತಿ ಇದ್ದದ್ದರಿಂದ ಬರುವುದನ್ನು ಮಾತ್ರ ಬಿಡಲಿಲ್ಲ.

ಕಾದಾಟದ ಸಮಸ್ಯೆ ಹಾಗೇ ಉಳಿಯಿತು. ಸಿಂಕ್ ಇದ್ದರೂ ಒಳ್ಳೆಯ ಕವಚ ತೊಟ್ಟ ಎಂಟು ಜನ, ಅದರ ಜೊತೆಗೆ ವರ್ಷ ವರ್ಷ ಬಲಗೊಂಡ ಹೊಡೆತಗಳು. ಹತ್ತು ನಿಮಿಷ ಪೀಠಿಕೆ ಹಾಕಿ ಮೆರೆಸಿದ ಬಾಸ್ ನಿಮಿಷದೊಳಗೆ ಮಗುಚಿ ಬೀಳುತ್ತಿತ್ತು. ಇದೇ ಕಥೆಯ ದಾರಿಯಲ್ಲಿ ಸ್ವಲ್ಪ ಮುಂಚೆ ಬರುವ ಕೇಪ್ ವೆಸ್ಟ್‌ವಿಂಡ್ ಕಾದಾಟ ಇನ್ನೂ ಅತಿ. ಎಂಟು ಜನ ಸೇರಿ ಒಬ್ಬನ ಮೇಲೆ ಬೀಳುತ್ತಿದ್ದರು, ಅವನು ಒಂದು ನಿಮಿಷವೂ ಬಾಳುತ್ತಿರಲಿಲ್ಲ. ಗುಂಪು ಸೇರಲು ಕಾದ ಹೊತ್ತು ಅದರ ಹತ್ತುಪಟ್ಟು.

ಹೊಸಬರೇ ಎಂಟು ಜನ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಫಿಲ್ಟರ್ ಹಾಕಿದ್ದರೆ ಕಾದಾಟಕ್ಕೂ ರುಚಿ ಬರುತ್ತಿತ್ತು ಅನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಗೊತ್ತಿಲ್ಲದವರೇ ಎಂಟು ಜನ ಸೇರಿದರೆ ಏನಾಗುತ್ತದೆ ಅಂತಲೂ ಈ ಆಟ ಒಮ್ಮೆ ತೋರಿಸಿತ್ತು. 2015ರಲ್ಲಿ ‘ಸ್ಟೆಪ್ಸ್ ಆಫ್ ಫೇತ್’ ಅಂತ ಒಂದು ಕಾದಾಟ ಬಂತು, ಅದೂ ಕಥೆಯ ಕಡ್ಡಾಯ ಭಾಗ. ಸೇತುವೆಯ ಮೇಲೆ ಒಂದು ದೊಡ್ಡ ಡ್ರ್ಯಾಗನ್ ನಡೆದು ಬರುತ್ತದೆ, ಫಿರಂಗಿ ಸಿಡಿಸಬೇಕು, ಹೊತ್ತು ನೋಡಿ ಬಲೆ ಎಳೆಯಬೇಕು, ತಡ ಮಾಡಿದರೆ ಅದು ಬಾಗಿಲು ಒಡೆದು ದಾಟುತ್ತದೆ, ಆಟ ಮುಗಿಯಿತು. ಬಂದ ಹೊಸದರಲ್ಲಿ ಎಲ್ಲರಿಗೂ ಹೊಸದು, ಫಿರಂಗಿ ಯಾರು ಹಿಡಿಯಬೇಕು ಅಂತ ಹೇಳುವವರೇ ಇಲ್ಲ. ಡ್ಯೂಟಿ ಫೈಂಡರ್‌ನಲ್ಲಿ ಸಿಕ್ಕ ಗುಂಪುಗಳು ಸೋತು ಸೋತು ಚದುರುತ್ತಿದ್ದವು. ಕಥೆ ಅಲ್ಲೇ ನಿಂತುಬಿಡುತ್ತಿತ್ತು. ಕೊನೆಗೆ ಡ್ರ್ಯಾಗನ್ನನ್ನೇ ಮೆತ್ತಗೆ ಮಾಡಬೇಕಾಯಿತು. ಗುಂಪಿನಲ್ಲಿ ಒಬ್ಬಿಬ್ಬರಾದರೂ ಕಂಡವರು ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೊಸಬ ಬಂದರೆ ಲಾಭ

ಈ ಆಟ ಮಾಡಿದ ಒಂದು ಸಣ್ಣ ಕೆಲಸ ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದ್ದು ಅನ್ನಿಸುತ್ತದೆ. ಗುಂಪಿನಲ್ಲಿ ಯಾರಾದರೂ ಮೊದಲ ಸಲ ಬಂದಿದ್ದರೆ, ಒಳಗೆ ಹೋದ ಕೂಡಲೇ ಎಲ್ಲರಿಗೂ ಒಂದು ಸೂಚನೆ ಬರುತ್ತದೆ: ಇಲ್ಲಿ ಹೊಸಬರಿದ್ದಾರೆ, ಮುಗಿಸಿದರೆ ಎಲ್ಲರಿಗೂ ಹೆಚ್ಚುವರಿ ಬಹುಮಾನ. ಯಾರು ಹೊಸಬ ಅಂತ ಹೆಸರು ಹೇಳುವುದಿಲ್ಲ, ಇದ್ದಾರೆ ಅಂತ ಮಾತ್ರ.

ಅದರ ಪರಿಣಾಮ ಚಾಟ್‌ನಲ್ಲಿ ಕಾಣುತ್ತದೆ. ‘ಓ, ಬೋನಸ್! ಯಾರಪ್ಪ ಹೊಸಬರು? ಏನಾದರೂ ಗೊತ್ತಾಗದಿದ್ದರೆ ಕೇಳಿ.’ ಹೊಸಬನಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ. ಬೇರೆ ಆಟಗಳಲ್ಲಿ ‘ನನಗೆ ಇದು ಮೊದಲ ಸಲ’ ಅಂದರೆ ಅರ್ಧ ಗುಂಪು ಎದ್ದು ಹೋಗುವುದನ್ನು ನೋಡಿದ್ದೇನೆ. ಇಲ್ಲಿ ಅದೇ ಮಾತಿಗೆ ಎಲ್ಲರಿಗೂ ಪಾಯಸ. ಫಿಲ್ಟರ್ ಹೊಸಬನನ್ನು ಹೊರೆ ಅಂತ ಎಣಿಸಿ ಪಕ್ಕಕ್ಕೆ ಇಡುತ್ತದೆ, ಈ ಬೋನಸ್ ಅವನನ್ನು ಕರೆತಂದವರ ಕೈಗೆ ಕಾಸು ಇಡುತ್ತದೆ. ಖರ್ಚು? ಒಂದು ಸಾಲಿನ ಸೂಚನೆ, ಒಂದಷ್ಟು ಟೋಮ್‌ಸ್ಟೋನ್, ಅಂದರೆ ಆಟದೊಳಗಿನ ನಾಣ್ಯ.

ಮೆಂಟರ್ ಅಂತ ಇನ್ನೊಂದು ಪ್ರಯತ್ನವೂ ಇದೆ. ಅನುಭವಿಗಳಿಗೆ ಹೆಸರಿನ ಪಕ್ಕ ಕಿರೀಟದ ಗುರುತು, ಅವರಿಗೇ ಒಂದು ರೂಲೆಟ್, ಅದನ್ನು 2000 ಸಲ ಮುಗಿಸಿದರೆ ಸವಾರಿಗೆ ಒಂದು ಕುದುರೆ. ಆ ಕುದುರೆಗಾಗಿ ಬಂದವರೂ ಕಿರೀಟ ಹಾಕಿಕೊಂಡರು. ಕಲಿಸುವ ತಾಳ್ಮೆ ಇದ್ದವರ ಜೊತೆ ಇಲ್ಲದವರೂ ಬಂದರು, ಆಟಗಾರರು ಅದನ್ನು ಬರ್ಗರ್ ಅಂಗಡಿಯ ಕಾಗದದ ಕಿರೀಟ ಅಂತ ಗೇಲಿ ಮಾಡಿದರು. ಎಷ್ಟು ಸಲ ಆಡಿದ್ದಾನೆ ಅನ್ನುವುದು ಹೇಗೆ ಆಡುತ್ತಾನೆ ಅಂತ ಹೇಳುವುದಿಲ್ಲ.

ಎರಡನೇ ರಿಪೇರಿ

2022ರ ಏಪ್ರಿಲ್‌ನ 6.1 ಪ್ಯಾಚ್‌ನಲ್ಲಿ ತಂಡ ಕೊನೆಗೂ ಜಾಗವನ್ನೇ ಒಡೆದು ಕಟ್ಟಿತು. ಅದಕ್ಕೆ ಮುಂಚಿನ ವರ್ಷ ಹೊಸಬರ ಪ್ರವಾಹ ಬಂದಿತ್ತು. 2021ರ ಡಿಸೆಂಬರ್‌ನಲ್ಲಿ ‘ಎಂಡ್‌ವಾಕರ್’ ಅನ್ನುವ ಮುಂದಿನ ಭಾಗ ಬಂದಾಗ ಸರ್ವರ್ ತಡೆಯಲಾರದೆ ಕಂಪನಿ ಕೆಲವು ವಾರ ಆಟದ ಮಾರಾಟವನ್ನೇ ನಿಲ್ಲಿಸಿತ್ತು. ಅಂಗಡಿಯವನೇ ‘ಸಾಕು, ಬರಬೇಡಿ’ ಅಂದ ಹಾಗೆ. ಅಷ್ಟು ಜನ ಇವತ್ತಲ್ಲ ನಾಳೆ ಪ್ರಿಟೋರಿಯಂ ಬಾಗಿಲಿಗೆ ಬರಲೇಬೇಕು.

ಎಂಟು ಜನರ ಕಾಸ್ಟ್ರಂ, ಪ್ರಿಟೋರಿಯಂ ಎರಡೂ ನಾಲ್ಕು ಜನರದ್ದಾದವು. ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಡಿಪಿಎಸ್. ಬಾಸ್‌ಗಳ ಕಾದಾಟ ಹೊಸದಾಗಿ ಬರೆದರು, ನೆಲದ ಗುರುತು ನೋಡಿ ಸರಿಯಬೇಕು, ಇಲ್ಲದಿದ್ದರೆ ಸಾಯುತ್ತೀರಿ. ಕೊನೆಯ ಅಲ್ಟಿಮಾ ವೆಪನ್ ಕಾದಾಟವನ್ನು ಕತ್ತರಿಸಿ ‘ಪೋರ್ಟಾ ಡೆಕ್ಯುಮಾನಾ’ ಅಂತ ಬೇರೆ ಜಾಗ ಮಾಡಿದರು. ಒಂದು ಗಂಟೆಯ ಉದ್ದ ತುಂಡುತುಂಡಾಯಿತು. ನಿಮಿಷಕ್ಕೆ ಸಾಯುತ್ತಿದ್ದ ಕೇಪ್ ವೆಸ್ಟ್‌ವಿಂಡ್ ಒಬ್ಬರೇ ಆಡುವ ಕಾದಾಟವಾಯಿತು. ಯಾರಿಗೂ ಕಾಯಬೇಕಿಲ್ಲ, ಯಾರೂ ಓಡಿಹೋಗುವುದಿಲ್ಲ. ‘ಸ್ಟೆಪ್ಸ್ ಆಫ್ ಫೇತ್’ಗೂ ಆಮೇಲೆ ಅದೇ ಗತಿ ಬಂತು.

ಅದೇ ಪ್ಯಾಚ್‌ನಲ್ಲಿ ಡ್ಯೂಟಿ ಸಪೋರ್ಟ್ ಬಂತು. ಇಷ್ಟವಿದ್ದರೆ ಜನರ ಬದಲು ಕಂಪ್ಯೂಟರ್ ನಡೆಸುವ ಮೂರು ಪಾತ್ರಗಳನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಅವರಿಗೆ ಆತುರವಿಲ್ಲ. ನೀವು ದೃಶ್ಯ ನೋಡಿ, ಗೋಡೆಯ ಮೇಲಿನ ಬಾವುಟ ನೋಡಿ, ಫೋಟೋ ತೆಗೆಯಿರಿ, ನಿಂತಿರುತ್ತಾರೆ.

ನನ್ನ ಲೆಕ್ಕದಲ್ಲಿ ಇದು ಸರಿಯಾದ ರಿಪೇರಿ. ಹೊಸಬನನ್ನು ಹಳಬನಿಂದ ಬೇರೆ ಮಾಡದೆ, ಇಬ್ಬರೂ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಸಹಿಸಬೇಕಾದ ಹೊತ್ತನ್ನು ಕಡಿಮೆ ಮಾಡಿದರು. ಸುಮ್ನೆ ಕೂರುವ ಭಾಗ ತಗ್ಗಿತು, ಒಟ್ಟಿಗೆ ಮಾಡುವ ಕೆಲಸ ಹೆಚ್ಚಿತು. ಒಂಬತ್ತು ವರ್ಷ ತಡ, ಅದೊಂದು ಬೇಜಾರು. ಒಂದು ಸ್ವಿಚ್ ಹಾಕಿ ಫಿಲ್ಟರ್ ಮಾಡುವುದಕ್ಕೂ, ಮೂರು ಜಾಗಗಳನ್ನು ಮತ್ತೆ ಕಟ್ಟುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಸಣ್ಣ ತಂಡದ ಆಟಗಳಿಗೆ ಇದು ಕೈಗೆಟುಕುವ ದಾರಿಯಲ್ಲ ಅನ್ನುವುದು ನಿಜ. ಬೋನಸ್ ಮಾತ್ರ ಯಾರ ಕೈಗೂ ಎಟುಕುತ್ತದೆ.

ಫಿಲ್ಟರ್ ಬೇಕಾದ ಜಾಗವೂ ಇದೆ

ಎಲ್ಲ ಕಡೆ ಬೇಡ ಅಂತ ನಾನು ಹೇಳುವುದಿಲ್ಲ. ಇದೇ ಆಟದಲ್ಲಿ ಸ್ಯಾವೇಜ್, ಅಲ್ಟಿಮೇಟ್ ಅನ್ನುವ ಕಷ್ಟದ ಕಾದಾಟಗಳಿವೆ. ಕಥೆಗೆ ಇವು ಬೇಕಿಲ್ಲ. ಬೇಕೆಂದವರು ಮಾತ್ರ ಹೋಗುವುದು. ಎಂಟರಲ್ಲಿ ಒಬ್ಬ ತಪ್ಪು ಜಾಗದಲ್ಲಿ ನಿಂತರೆ ಎಂಟೂ ಜನ ಸತ್ತು ಮೊದಲಿಂದ ಶುರು. ಇದಕ್ಕೆ ಜನ ಪಾರ್ಟಿ ಫೈಂಡರ್‌ನಲ್ಲಿ ಬೋರ್ಡ್ ಹಾಕಿ ಗುಂಪು ಕಟ್ಟುತ್ತಾರೆ, ಅಲ್ಲಿ ‘ಈಗಾಗಲೇ ಮುಗಿಸಿದವರು ಮಾತ್ರ’ ಅಂತ ಷರತ್ತು ಹಾಕಬಹುದು, ಕವಚದ ಕನಿಷ್ಠ ಮಟ್ಟ ಹಾಕಬಹುದು. ಹಾಕಲಿ. ಮುಗಿಸಿದವರು ಮುಗಿಸಿದವರ ಜೊತೆ ಬೇಗ ಮುಗಿಸಿಕೊಳ್ಳಲಿ, ಕಲಿಯುವವರು ಕಲಿಯುವವರ ಜೊತೆ ಬಿದ್ದು ಏಳಲಿ. ಬಾಗಿಲು ಯಾರಿಗೂ ಕಡ್ಡಾಯ ಅಲ್ಲದ ಕಡೆ ಬಾಗಿಲಲ್ಲಿ ಕೇಳುವುದು ತಪ್ಪಲ್ಲ.

ಅಲ್ಲೂ ಜರಡಿಯ ಕಣ್ಣು ದಪ್ಪವೇ. ಆಟಕ್ಕೆ ಗೊತ್ತಿರುವುದು ಮುಗಿಸಿದ್ದಾನಾ ಇಲ್ಲವಾ ಅಂತ ಮಾತ್ರ. ನಡುವಿನದು ಜನರ ಬಾಯಿಮಾತು. ಬೋರ್ಡ್‌ನಲ್ಲಿ ‘ಮೂರನೇ ಹಂತದ ಅಭ್ಯಾಸ’ ಅಂತ ಇರುತ್ತದೆ, ಬಂದವನು ಎರಡನೇ ಹಂತವನ್ನೇ ನೋಡಿರುವುದಿಲ್ಲ. ಇಂಥವರಿಗೆ ಪ್ರೋಗ್ ಲೈಯರ್ ಅಂತಲೇ ಹೆಸರು. ಹತ್ತು ನಿಮಿಷ ಯಾರೂ ಏನೂ ಹೇಳುವುದಿಲ್ಲ, ಮೂರು ಸಲ ಅದೇ ಜಾಗದಲ್ಲಿ ಸತ್ತ ಮೇಲೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಮುಗಿಸಿದವನೂ ಅಷ್ಟೇ, ಬೇರೆ ಏಳು ಜನ ಹೊತ್ತುಕೊಂಡು ದಾಟಿಸಿದ್ದರೂ ಫಿಲ್ಟರ್ ಕಣ್ಣಿಗೆ ಅವನು ಪಾಸ್.

ಇನ್ನೂ ಒಂದು ಮಾತು, ಇದು ಆಟದ ತಪ್ಪು ಅಂತಲೇ ನಾನು ಹೇಳುವುದು. ಸ್ಯಾವೇಜ್‌ನಲ್ಲಿ ಬಹಳ ಕಾಲ ಇದ್ದ ನಿಯಮ: ಆ ವಾರ ಮುಗಿಸದವರೇ ಎಂಟು ಜನ ಇದ್ದರೆ ಕೊನೆಗೆ ಬಹುಮಾನದ ಎರಡು ಪೆಟ್ಟಿಗೆ. ಮುಗಿಸಿದವರು ಒಂದರಿಂದ ನಾಲ್ಕು ಜನ ಇದ್ದರೆ ಒಂದೇ. ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಪೆಟ್ಟಿಗೆಯೇ ಇಲ್ಲ. ಅಂದರೆ ನಾನು ನಿನ್ನೆ ಮುಗಿಸಿ, ಇವತ್ತು ಗೆಳೆಯನಿಗೆ ಸಹಾಯ ಮಾಡಲು ಹೋದರೆ ಅವನ ಗುಂಪಿನ ಬಾಯಿಂದ ತುತ್ತು ಕಿತ್ತ ಹಾಗೆ. ಪ್ರಿಟೋರಿಯಂನಲ್ಲಿ ಹೊಸಬ ಬಂದರೆ ಪಾಯಸ, ಇಲ್ಲಿ ಹಳಬ ಬಂದರೆ ದಂಡ. ಒಂದೇ ಆಟ, ಎರಡು ನಾಲಿಗೆ. ಬಹುಮಾನದ ನಿಯಮವೇ ಹೀಗೆ ದೂರ ತಳ್ಳುವಾಗ ಬೇರೆ ಫಿಲ್ಟರ್ ಯಾಕೆ ಬೇಕು, ಜನ ತಾವೇ ಫಿಲ್ಟರ್ ಆಗುತ್ತಾರೆ.

ಹೋದ ವರ್ಷ ಅಕ್ಕನ ಮಗ ಈ ಆಟಕ್ಕೆ ಸೇರಿದ. ರಜೆಗೆ ಶಿವಮೊಗ್ಗಕ್ಕೆ ಹೋದಾಗ ಅವನು ಪ್ರಿಟೋರಿಯಂ ಬಾಗಿಲಿಗೆ ಬಂದಿದ್ದ. ಕಂಪ್ಯೂಟರ್ ಪಾತ್ರಗಳ ಜೊತೆ ಹೋಗು, ಆರಾಮಾಗಿ ನೋಡಬಹುದು ಅಂದೆ. ‘ಬೇಡ ಮಾಮ, ಜನರ ಜೊತೆಗೇ ಹೋಗ್ತೀನಿ’ ಅಂದ. ಹೆಸರು ಕೊಟ್ಟ, ಅಕ್ಕ ಮಂಡಕ್ಕಿ ಕಲಸಿ ತರುವಷ್ಟರಲ್ಲಿ ಗುಂಪು ಸಿಕ್ಕಿತು. ಬೋನಸ್ ಸೂಚನೆ ಬಂತು, ಯಾರೋ ನಮಸ್ಕಾರ ಹಾಕಿದರು. ಮೊದಲ ದೊಡ್ಡ ದೃಶ್ಯ ಬಂದಾಗ ಅವನು ಮಂಡಕ್ಕಿ ಬಟ್ಟಲು ಪಕ್ಕಕ್ಕಿಟ್ಟು, ಕಣ್ಣು ಮಿಟುಕಿಸದೆ ನೋಡಿದ. ಮುಗಿಯಿತು. ನಾಲ್ಕೂ ಜನ ಅಲ್ಲೇ ಇದ್ದರು. ಇವನು ಎರಡು ಹೆಜ್ಜೆ ಮುಂದೆ ಹೋದ, ನಿಂತ, ಹಿಂದೆ ತಿರುಗಿದ. ಟ್ಯಾಂಕ್ ನಿಂತಲ್ಲೇ ನಿಂತಿದ್ದಾನೆ, ಅಲುಗಾಡುತ್ತಿಲ್ಲ. ಅರ್ಧ ನಿಮಿಷ ಆಯಿತು, ಒಂದು ನಿಮಿಷ ಆಯಿತು.

‘ಮಾಮ, ಇವನು ಯಾಕೆ ಬರ್ತಿಲ್ಲ?’

‘ಉಪ್ಪಿಟ್ಟು ಮಾಡ್ತಿರಬೇಕು ಕಣೋ, ತಡಿ.’

ಅವನಿಗೆ ಅರ್ಥ ಆಗಲಿಲ್ಲ. ಮಂಡಕ್ಕಿ ಬಟ್ಟಲು ಮತ್ತೆ ಕೈಗೆತ್ತಿಕೊಂಡು ಕಾದು ಕೂತ.